ಯಂತ್ರ ಮುಗ್ಗರಿಸಿದಾಗ

ಪೂರ್ತಿ ಕೆಟ್ಟು ಕುಳಿತ ಯಂತ್ರದಿಂದ ಮನುಷ್ಯನಿಗೆ ಅಷ್ಟಾಗಿ ತೊಂದರೆಯಿಲ್ಲ. ಅದು ಕೆಟ್ಟಿದೆ ಎಂಬ ವಿಷಯದಲ್ಲಿ ಮನೆಮಂದಿಗೆಲ್ಲ ಏಕಾಭಿಪ್ರಾಯವಿರುತ್ತದೆ. ರಿಪೇರಿಯವನನ್ನು ಕರೆಸುತ್ತೇವೆ, ಇಲ್ಲವೆ ಗುಜರಿಗೆ ಹಾಕಿ ಕೈತೊಳೆದುಕೊಳ್ಳುತ್ತೇವೆ. ಕಷ್ಟವಿರುವುದು ಓಡುತ್ತಲೂ ಇದ್ದು ಸರಿಯಾಗಿ ಓಡದ ಯಂತ್ರದ ವಿಷಯದಲ್ಲಿ. ದಿನಕ್ಕೆ ಹತ್ತು ನಿಮಿಷ ಹಿಂದೆ ಬೀಳುವ ಗಡಿಯಾರ, ಏರಿನಲ್ಲಿ ಮಾತ್ರ ಕೆಮ್ಮುವ ಸ್ಕೂಟರು, ಒಂದು ದಿನ ನುಣ್ಣಗೂ ಒಂದು ದಿನ ತರಿತರಿಯಾಗಿಯೂ ರುಬ್ಬುವ ಗ್ರೈಂಡರು, ಇವು ಬದುಕಿಯೂ ಇರುವುದಿಲ್ಲ, ಸತ್ತೂ ಇರುವುದಿಲ್ಲ. "ಹೇಗಿದ್ದೀರಿ?" ಎಂದರೆ "ಏನೋ, ಹೀಗೇ ಇದ್ದೇನೆ" ಎನ್ನುವ ರೋಗಿಗಳ ಹಾಗೆ ಇವೂ ವೈದ್ಯನ ಕೈಗೆ ಸಿಕ್ಕುವುದಿಲ್ಲ. ಅದರ ಮೇಲೆ, ಇಂಥ ಯಂತ್ರದ ಬಗ್ಗೆ ನೆಂಟರಿಷ್ಟರಿಗೆಲ್ಲ ಒಂದೊಂದು ಅಭಿಪ್ರಾಯವಿರುತ್ತದೆ. ಆ ಅಭಿಪ್ರಾಯಗಳೆಲ್ಲ ಕೊನೆಗೆ ಕೈ ತೋರಿಸುವುದು ಅಂಗಡಿಯ ಕಡೆಗೆ.

ಇಷ್ಟು ಪೀಠಿಕೆಗೆ ಕಾರಣ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿರುವ ಒಂದು ಕಂಪ್ಯೂಟರು. ಅದು ನನ್ನದಲ್ಲ, ಅಕ್ಕನ ಮಗನದು. ಇಂಜಿನಿಯರಿಂಗ್ ಓದಲು ತಿಪಟೂರಿನ ಕಡೆಯಿಂದ ಮೈಸೂರಿಗೆ ಬಂದ ಆ ಹುಡುಗ ಎರಡು ವರ್ಷದಿಂದ ನಮ್ಮಲ್ಲಿದ್ದಾನೆ. ಸಂಜೆ ಹೊತ್ತು ಹೈಸ್ಕೂಲು ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ಹಣ ಕೂಡಿಹಾಕಿ, ಬೆಂಗಳೂರಿನ ಎಸ್. ಪಿ. ರೋಡಿನಲ್ಲಿ, ಎಂದರೆ ಸಾದರ ಪತ್ರಪ್ಪ ರಸ್ತೆಯಲ್ಲಿ, ಎರಡು ದಿನ ಅಂಗಡಿ ಅಂಗಡಿ ಅಲೆದು, ಬಿಡಿಭಾಗಗಳನ್ನು ಚೀಲದಲ್ಲಿ ತುಂಬಿಕೊಂಡು ಬಂದ. ಮೂರು ರಾತ್ರಿ ಕೂತು ಅವನ್ನು ತಾನೇ ಜೋಡಿಸಿದ. ಒಟ್ಟು ಖರ್ಚು ೫೮,೦೦೦ ರೂಪಾಯಿ. ಅದರಲ್ಲಿ ತಂದೆಯದು ಒಂದು ಕಾಸೂ ಇಲ್ಲ. ನಮ್ಮ ಭಾವನವರು ತೆಂಗಿನ ತೋಟದ ಕೃಷಿಕರು. ಕೊಬ್ಬರಿಯ ಬೆಲೆ ಏರಿದರೂ ಇಳಿದರೂ ನಿದ್ದೆಗೆಡುವ ಜನ. "ಅಷ್ಟು ದುಡ್ಡು ಸುರಿದು ಆಟದ ಸಾಮಾನು ಮಾಡಿಕೊಂಡಿದಾನೆ" ಎಂದು ಅವರು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು. ಆಮೇಲೆ ತಂದೆಮಕ್ಕಳ ನಡುವೆ ಆ ವಿಷಯದ ಮಾತು ನಿಂತಿತು. ಕ್ರಮೇಣ ಬೇರೆ ವಿಷಯದ ಮಾತೂ ಕಡಮೆಯಾಯಿತು.

ಅವನು ಅದರಲ್ಲಿ ಪಾಠದ ಕೆಲಸವನ್ನೂ ಮಾಡುತ್ತಾನೆ, ಆಟವನ್ನೂ ಆಡುತ್ತಾನೆ. ಈ ಪ್ರಬಂಧದ ವಸ್ತು ಆಟ. 'ಫೋರ್ಜಾ ಹೊರೈಜನ್ ೫' ಎಂಬುದು ೨೦೨೧ರಲ್ಲಿ ಬಂದ ಕಾರೋಟದ ಆಟ. ಮೆಕ್ಸಿಕೋ ದೇಶದ ಕಾಡು, ಮರಳುಗಾಡು, ಕಡಲತೀರಗಳ ನಡುವೆ ಮನೆಯಲ್ಲಿ ಕೂತೇ ಕಾರು ಓಡಿಸಬಹುದು. ನೋಡುವುದಕ್ಕೆ ಸಿನಿಮಾದ ಹಾಗೆಯೇ ಇದ್ದರೂ ಒಂದು ವ್ಯತ್ಯಾಸವಿದೆ. ಸಿನಿಮಾದಲ್ಲಿ ಸೆಕೆಂಡಿಗೆ ೨೪ ಚಿತ್ರಗಳು ಕಣ್ಣಮುಂದೆ ಹಾಯುತ್ತವೆ. ಅವೆಲ್ಲ ಮೊದಲೇ ತೆಗೆದಿಟ್ಟವು. ಆಟದಲ್ಲಿ ಮೊದಲೇ ತೆಗೆದಿಟ್ಟ ಚಿತ್ರ ಯಾವುದೂ ಇಲ್ಲ. ಆಡುವವನು ಎಡಕ್ಕೆ ತಿರುಗಿಸಿದರೆ ಎಡದ ಮರ, ಬಲಕ್ಕೆ ತಿರುಗಿಸಿದರೆ ಬಲದ ಬಂಡೆ, ಎಲ್ಲವನ್ನೂ ಯಂತ್ರ ಆ ಕ್ಷಣದಲ್ಲೇ ಬರೆಯಬೇಕು. ಸೆಕೆಂಡಿಗೆ ೬೦ ಚಿತ್ರವೆಂದರೆ ಒಂದು ಚಿತ್ರಕ್ಕೆ ಸಿಕ್ಕುವ ಕಾಲ ಸುಮಾರು ೧೬.೭ ಮಿಲಿಸೆಕೆಂಡು. ಅಷ್ಟರೊಳಗೆ ಚಿತ್ರ ಬಾರದಿದ್ದರೆ ಹಳೆಯದೇ ಇನ್ನಷ್ಟು ಹೊತ್ತು ನಿಲ್ಲುತ್ತದೆ. ಕಣ್ಣಿಗೆ ಕಾರು ಎಡವಿದಂತೆ ಕಾಣುತ್ತದೆ.

ಈ ಕೆಲಸಕ್ಕೆ ಮುಖ್ಯವಾಗಿ ಇಬ್ಬರು ಆಳುಗಳು. ಒಬ್ಬ ಪ್ರೊಸೆಸರು, ಇನ್ನೊಬ್ಬ ಗ್ರಾಫಿಕ್ಸ್ ಕಾರ್ಡು. ಮದುವೆಮನೆಯ ಊಟವನ್ನು ನೆನೆಸಿಕೊಂಡರೆ ವಾಚಕರಿಗೆ ಸುಲಭವಾಗಿ ತಿಳಿದೀತು. ಒಳಗೆ ಅಡುಗೆಭಟ್ಟರು, ಹೊರಗೆ ಬಡಿಸುವವರು. ಕಾರು ಎಲ್ಲಿದೆ, ಮಳೆ ಎತ್ತ ಬೀಳುತ್ತಿದೆ, ಪಕ್ಕದ ಕಾರು ತಾಕಿತೋ ಇಲ್ಲವೋ ಎಂಬ ಲೆಕ್ಕವನ್ನೆಲ್ಲ ಪ್ರೊಸೆಸರು ಅಟ್ಟು ಇಳಿಸಬೇಕು. ಅದನ್ನು ಕಾರ್ಡು ಬಣ್ಣಬಣ್ಣದ ಚಿತ್ರವಾಗಿ ಪರದೆಯ ಎಲೆಗೆ ಬಡಿಸಬೇಕು. ಈ ಎರಡರ ನಡುವೆ ಪಾತ್ರೆ ಸಾಗಿಸುವ ಓಣಿಯಂತೆ ರ‍್ಯಾಮ್ ಎಂಬ ನೆನಪಿನ ಪಟ್ಟಿಗಳಿವೆ. ಪಂಕ್ತಿಯಲ್ಲಿ ಕೂತವನಿಗೆ ಕಾಣುವುದು ಬಡಿಸುವವನೊಬ್ಬನೇ. ಸಾರು ಬರುವುದು ತಡವಾದರೆ ಬೈಗುಳವೂ ಅವನಿಗೇ.

ಹುಡುಗನ ಯಂತ್ರಕ್ಕೆ ಬಂದ ರೋಗ ಇದು. ಆಟ ಶುರುವಾದಾಗ ಕಾರು ಸಲೀಸಾಗಿ ಓಡುತ್ತಿತ್ತು. ಹತ್ತು ಹದಿನೈದು ನಿಮಿಷ ಕಳೆಯಿತೆಂದರೆ ಮುಗ್ಗರಿಸತೊಡಗುತ್ತಿತ್ತು. ಗೆಳೆಯರು ಬಂದು ನೋಡಿದರು. ಒಬ್ಬ "ಕಾರ್ಡು ಸಾಲದು" ಎಂದ. ಇನ್ನೊಬ್ಬ ಅದನ್ನೇ ಇನ್ನೂ ಗಟ್ಟಿಯಾಗಿ ಹೇಳಿದ. ಕಂಪ್ಯೂಟರಿನ ಭಾಗಗಳಲ್ಲೆಲ್ಲ ಹೆಚ್ಚು ಬೆಲೆಯದು ಕಾರ್ಡೇ. ತಪ್ಪು ಬೆಲೆಬಾಳುವ ವಸ್ತುವಿನಲ್ಲೇ ಇರಬೇಕೆಂದು ನಂಬುವುದು ಮನುಷ್ಯಸ್ವಭಾವವೆಂದು ಕಾಣುತ್ತದೆ. ಹಳೆಯ ಕಾರ್ಡನ್ನು ೯,೦೦೦ ರೂಪಾಯಿಗೆ ಕೊಳ್ಳುವ ಗಿರಾಕಿಯೊಬ್ಬ ಸಿಕ್ಕಿದ. ಭಾನುವಾರ ಬಂದು ಒಯ್ಯುತ್ತೇನೆಂದ. ಹೊಸದಕ್ಕೆ ೩೪,೦೦೦. ಮಿಕ್ಕ ಹಣಕ್ಕೆ ನಮ್ಮ ಅಕ್ಕ ತಾನು ಹಾಕಿದ್ದ ಚೀಟಿಯನ್ನು, ಗಂಡನಿಗೆ ತಿಳಿಯದಂತೆ, ನಷ್ಟಕ್ಕೆ ಕೂಗಿ ಎತ್ತುವುದಕ್ಕೆ ಒಪ್ಪಿದ್ದಳು.

ಗುರುವಾರ ರಾತ್ರಿ ಈ ಸುದ್ದಿ ನನ್ನ ಕಿವಿಗೆ ಬಿತ್ತು. ನಾನು ಕನ್ನಡದ ಅಧ್ಯಾಪಕ. ಕಂಪ್ಯೂಟರಿನಲ್ಲಿ ನನಗೆ ಬರುವ ಕೆಲಸವೆಂದರೆ ಅಂಕಪಟ್ಟಿ ತುಂಬುವುದು, ಪ್ರಶ್ನೆಪತ್ರಿಕೆ ಬೆರಳಚ್ಚು ಮಾಡುವುದು. ಆದರೂ ಹುಡುಗನನ್ನು ಒಂದು ಪ್ರಶ್ನೆ ಕೇಳಿದೆ. "ಕಾರ್ಡಿಗೆ ಶಕ್ತಿ ಸಾಲದು ಅಂದರೆ ಮೊದಲಿನಿಂದಲೇ ಸಾಲಬಾರದಲ್ಲವೇನೋ? ಹತ್ತು ನಿಮಿಷ ಸಾಕಾಗಿದ್ದ ಶಕ್ತಿ ಹನ್ನೊಂದನೆಯ ನಿಮಿಷಕ್ಕೆ ಎಲ್ಲಿ ಹೋಯಿತು?"

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತಿಲ್ಲ ಮಾವ" ಎಂದ. ಅದು ಒಳ್ಳೆಯ ಉತ್ತರ. ಆ ಎರಡು ಶಬ್ದ ಬಾಯಿಂದ ಬಂದ ಮೇಲೆಯೇ ಹುಡುಕಾಟ ಶುರುವಾಗುವುದು.

ನಮ್ಮ ಕಸುಬಿನಲ್ಲಿ ಗ್ರಂಥಸಂಪಾದನೆ ಎಂಬುದೊಂದಿದೆ. ಓಲೆಗರಿಯ ಪ್ರತಿಯೊಂದರಲ್ಲಿ ಒಂದು ಪದ್ಯ ಕುಂಟುತ್ತದೆ ಎಂದಿಟ್ಟುಕೊಳ್ಳಿ. ಎಳೆಯ ಸಂಪಾದಕನಿಗೆ ಕೂಡಲೆ ಕೈ ಕಡಿಯುತ್ತದೆ. ತನಗೆ ತೋಚಿದ ಶಬ್ದವನ್ನು ಅಲ್ಲಿ ತುರುಕಿ ಪದ್ಯವನ್ನು ಉದ್ಧಾರಮಾಡಿಬಿಡುತ್ತಾನೆ. ಬಲ್ಲವರು ಹಾಗೆ ಮಾಡುವುದಿಲ್ಲ. ಮೊದಲು ಪದ್ಯ ನಿಖರವಾಗಿ ಎಲ್ಲಿ ಕುಂಟುತ್ತದೆ ಎಂದು ಗುರುತುಮಾಡುತ್ತಾರೆ. ಬೇರೆ ಪ್ರತಿಗಳಲ್ಲಿ ಆ ಜಾಗದಲ್ಲಿ ಏನಿದೆ ಎಂದು ಬರೆದಿಟ್ಟುಕೊಳ್ಳುತ್ತಾರೆ. ಸುಲಭವಾದ ಕಾರಣಗಳನ್ನು, ಎಂದರೆ ಹುಳು ತಿಂದ ಅಕ್ಷರ, ಒಂದನ್ನೊಂದು ಹೋಲುವ ಅಕ್ಷರ, ಬಿಟ್ಟುಹೋದ ಸಾಲು, ಇವನ್ನು ಮೊದಲು ನೋಡುತ್ತಾರೆ. ಸ್ವಂತ ಬುದ್ಧಿಯ ತಿದ್ದುಪಡಿ ಕಟ್ಟಕಡೆಗೆ. ಯಂತ್ರಕ್ಕೂ ಈ ನಿಯಮ ಸಲ್ಲಬೇಕೆಂದು ನನಗೆ ತೋರಿತು. ಹುಡುಗನ ಕೈಗೊಂದು ನೋಟ್‌ಬುಕ್ಕು ಕೊಟ್ಟೆ. ಒಪ್ಪಂದ ಮೂರೇ: ಅಳೆಯದೆ ಏನನ್ನೂ ಬದಲಾಯಿಸಕೂಡದು, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು, ಖರ್ಚಿಲ್ಲದ್ದನ್ನು ಮೊದಲು ನೋಡಬೇಕು. ಕೆಲಸವೆಲ್ಲ ಅವನದು. ಟಾರ್ಚು ಹಿಡಿಯುವುದು ನನ್ನದು.

ಆ ಆಟದಲ್ಲಿಯೇ ಅಳತೆಗೊಂದು ವ್ಯವಸ್ಥೆ ಇದೆ. ಗುಂಡಿ ಒತ್ತಿದರೆ ಪ್ರತಿಸಲವೂ ಅದೇ ಓಟವನ್ನು ಓಡಿಸಿ, ಸೆಕೆಂಡಿಗೆ ಎಷ್ಟು ಚಿತ್ರ ಬಂತೆಂದು ಲೆಕ್ಕ ಒಪ್ಪಿಸುತ್ತದೆ. ಯಂತ್ರ ತಣ್ಣಗಿದ್ದಾಗ ಓಡಿಸಿದ್ದರಲ್ಲಿ ಸರಾಸರಿ ೭೪ ಬಂತು. ಕಾಲು ಗಂಟೆ ಆಡಿದ ಮೇಲೆ ಅದೇ ಓಟದಲ್ಲಿ ೪೧. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇವೆರಡು ಅಂಕಿ ಕೂತವು.

ಇಲ್ಲಿ ಸರಾಸರಿಯ ಬಗ್ಗೆ ಒಂದು ಮಾತು. ಸರಾಸರಿ ಚೆನ್ನಾಗಿದ್ದೂ ಆಟ ಎಡವಬಹುದು. ಭಾಮಿನಿ ಷಟ್ಪದಿಯ ಒಂದು ಪದ್ಯಕ್ಕೆ ಒಟ್ಟು ೧೦೨ ಮಾತ್ರೆ. ಓದುವವನು ಒಂದು ಕಡೆ ನಾಲ್ಕು ಮಾತ್ರೆ ನುಂಗಿ, ಇನ್ನೊಂದು ಕಡೆ ನಾಲ್ಕು ಮಾತ್ರೆ ಎಳೆದು, ೧೦೨ನ್ನೇ ತುಂಬಿಸಿಕೊಟ್ಟರೆ ಲೆಕ್ಕಕ್ಕೆ ಸರಿ. ಕಿವಿಗೆ ಮಾತ್ರ ಛಂದೋಭಂಗ. ಆಟದ ಚಿತ್ರಗಳೂ ಹಾಗೆಯೇ. ನೂರರಲ್ಲಿ ತೊಂಬತ್ತೊಂಬತ್ತು ಹೊತ್ತಿಗೆ ಸರಿಯಾಗಿ ಬಂದು ಒಂದು ಮಾತ್ರ ತಡವಾದರೂ ಕಣ್ಣು ಅದನ್ನೇ ಹಿಡಿಯುತ್ತದೆ. ಅದಕ್ಕೇ ಬಲ್ಲವರು ಸರಾಸರಿಯ ಜೊತೆಗೆ, ಎಲ್ಲಕ್ಕಿಂತ ನಿಧಾನವಾಗಿ ಬಂದ ಆ ಶೇಕಡಾ ಒಂದರ ಲೆಕ್ಕವನ್ನೂ ಬೇರೆಯಾಗಿ ಇಡುತ್ತಾರೆ. ಹುಡುಗನೂ ಅದಕ್ಕೊಂದು ಕಲಮು ಎಳೆದ.

ಮೊದಲು ಬಿಟ್ಟಿ ಪರೀಕ್ಷೆಗಳು. ಪರದೆಯ ತಂತಿ ಕಾರ್ಡಿಗೇ ಸೇರಿದೆಯೋ, ತಪ್ಪಿ ಮದರ್‌ಬೋರ್ಡಿಗೆ ಸೇರಿದೆಯೋ? ಎಷ್ಟೋ ಮನೆಗಳಲ್ಲಿ ದುಬಾರಿ ಕಾರ್ಡು ಒಳಗೆ ಸುಮ್ಮನೆ ಕೂತಿರುತ್ತದೆ; ತಂತಿ ಪಕ್ಕದ ತೂತಿನಲ್ಲಿರುವುದರಿಂದ ಪ್ರೊಸೆಸರಿನ ಬಡ ಚಿತ್ರಶಾಲೆಯೇ ಎಲ್ಲವನ್ನೂ ಬರೆಯುತ್ತಿರುತ್ತದೆ. ಇಲ್ಲಿ ತಂತಿ ಸರಿಯಾಗಿತ್ತು. ಹಿಂದುಗಡೆ ಕದ್ದು ಓಡುವ ಬೇರೆ ಪ್ರೋಗ್ರಾಮುಗಳಿವೆಯೆ? ಇರಲಿಲ್ಲ. ಕಾರ್ಡಿನ ಡ್ರೈವರು ಹಳೆಯದೆ? ಹೊಸದೇ ಇತ್ತು. ವಿದ್ಯುತ್ ಉಳಿಸುವ ಕಟ್ಟಳೆಯಲ್ಲಿ ಯಂತ್ರ ಸಿಕ್ಕಿಬಿದ್ದಿದೆಯೆ? ಅದೂ ಇಲ್ಲ. ನಾಲ್ಕಕ್ಕೂ ನೋಟ್‌ಬುಕ್ಕಿನಲ್ಲಿ ಅಡ್ಡಗೆರೆ ಬಿತ್ತು. ಅಡ್ಡಗೆರೆ ಬಿದ್ದ ಸಾಲನ್ನು ವ್ಯರ್ಥವೆಂದು ತಿಳಿಯಬಾರದು. ಇನ್ನು ಹುಡುಕಬೇಕಾಗಿಲ್ಲದ ಜಾಗ ಅದು.

ಆಮೇಲಿನದು ಈ ಹುಡುಕಾಟದ ಜೀವಾಳವಾದ ಪರೀಕ್ಷೆ. ಯಂತ್ರ ಮುಗ್ಗರಿಸುತ್ತಿರುವಾಗಲೇ ಚಿತ್ರದ ಅಳತೆಯನ್ನು ೧೯೨೦ × ೧೦೮೦ರಿಂದ ೧೨೮೦ × ೭೨೦ಕ್ಕೆ ಇಳಿಸಿದ. ತುಂಬಬೇಕಾದ ಚುಕ್ಕೆಗಳು ಅರ್ಧಕ್ಕಿಂತ ಕಡಮೆಯಾದವು. ಎಂದರೆ ಬಡಿಸುವವನ ಕೆಲಸ ಹಗುರಾಯಿತು, ಅಡುಗೆಯವನದು ಇದ್ದಷ್ಟೇ ಉಳಿಯಿತು. ದೋಷ ಕಾರ್ಡಿನದೇ ಆಗಿದ್ದರೆ ಈಗ ವೇಗ ಜಿಗಿಯಬೇಕು. ಓಟ ಮುಗಿಯಿತು. ೪೨! ಒಂದೇ ಒಂದು ಚಿತ್ರ ಹೆಚ್ಚು. ಪರದೆಯ ಮೂಲೆಯಲ್ಲಿ ಕಾರ್ಡಿನ ದುಡಿಮೆಯನ್ನು ತೋರಿಸುವ ಅಂಕಿಯೊಂದಿತ್ತು. ಅದು ನೂರಕ್ಕೆ ನಲವತ್ತನ್ನೂ ಮುಟ್ಟಿರಲಿಲ್ಲ. ಭಾನುವಾರ ಮಾರಾಟವಾಗಬೇಕಾಗಿದ್ದ ಆ ಕಾರ್ಡು ಸೋತು ನಿಂತಿರಲಿಲ್ಲ, ಖಾಲಿ ಸೌಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ಕಾಯುತ್ತ ನಿಂತಿತ್ತು. ಮೂವತ್ತನಾಲ್ಕು ಸಾವಿರದ ಹೊಸಬ ಬಂದಿದ್ದರೂ ಅದೇ ಬಾಗಿಲಲ್ಲಿ ನಿಲ್ಲುತ್ತಿದ್ದ, ಇನ್ನೂ ಚಂದದ ಸೌಟು ಹಿಡಿದುಕೊಂಡು.

ಹುಡುಗ ಕುರ್ಚಿಗೆ ಒರಗಿ ನಕ್ಕ. ಒಂದು ವಾರದಲ್ಲಿ ಅವನು ನಕ್ಕದ್ದು ಅದೇ ಮೊದಲು. ಆಮೇಲೆ ಫೋನು ತೆಗೆದುಕೊಂಡು ಗಿರಾಕಿಗೆ ಬರಬೇಡವೆಂದು ಹೇಳಿದ.

ಶುಕ್ರವಾರ ರಾತ್ರಿ ಪೆಟ್ಟಿಗೆಯ ಪಕ್ಕದ ತಗಡನ್ನು ಬಿಚ್ಚಿದೆವು. ಒಳಗೆ ಎಂಟು ಜಿಬಿಯ ಎರಡು ರ‍್ಯಾಮ್ ಪಟ್ಟಿಗಳು ಜೋಡೆತ್ತಿನ ಹಾಗೆ ಒತ್ತೊತ್ತಾಗಿ ಮೊದಲನೆಯ ಮತ್ತು ಎರಡನೆಯ ಮನೆಯಲ್ಲಿ ಕೂತಿದ್ದವು. ನೋಡುವುದಕ್ಕೆ ಅಂದವಾಗಿತ್ತು. ಆದರೆ ಆ ಮದರ್‌ಬೋರ್ಡಿನಲ್ಲಿ ನಾಲ್ಕು ಮನೆಗಳು ಎರಡು ಓಣಿಗೆ ಸೇರಿದವು. ಪಕ್ಕಪಕ್ಕದ ಎರಡು ಮನೆಗೆ ಒಂದೇ ಓಣಿ. ಎರಡನೆಯ ಮತ್ತು ನಾಲ್ಕನೆಯ ಮನೆಯಲ್ಲಿಟ್ಟರೆ ಎರಡು ಓಣಿಯಲ್ಲೂ ಸಾಗಾಟ ನಡೆಯುತ್ತದೆ ಎಂದು ಜೊತೆಗೆ ಬಂದ ಕೈಪಿಡಿಯಲ್ಲೇ ಅಚ್ಚಾಗಿತ್ತು. ಪಟ್ಟಿಯ ಮೈಮೇಲೆ ೩೨೦೦ ಎಂದು ವೇಗ ಬರೆದಿದ್ದರೂ ಅದು ೨೪೦೦ರಲ್ಲೇ ಓಡುತ್ತಿತ್ತು. ಯಂತ್ರ ಎಚ್ಚರಾಗುವಾಗ ಬರುವ ಬಯಾಸ್ ಎಂಬ ಪುಟದಲ್ಲಿ ಎಕ್ಸ್‌ಎಂಪಿ ಎಂಬ ಕಟ್ಟಳೆಯನ್ನು ನಾವಾಗಿ ಒಪ್ಪಿಕೊಳ್ಳುವವರೆಗೂ ಅದು ತನ್ನ ಪೂರ್ಣ ವೇಗಕ್ಕೆ ಏರುವುದಿಲ್ಲ. ಪಟ್ಟಿಗಳನ್ನು ಮೊದಲು ಸರಿಸಿ ಅಳೆದ. ಆಮೇಲೆ ವೇಗ ಏರಿಸಿ ಅಳೆದ. ತಣ್ಣಗಿದ್ದಾಗಿನ ೭೪ ಈಗ ೮೮ ಆಯಿತು. ಕಾಲು ಗಂಟೆಯ ಮೇಲೆ? ೪೬. ರೋಗ ಸ್ವಲ್ಪ ಇಳಿದಿತ್ತು, ಬಿಟ್ಟಿರಲಿಲ್ಲ.

ಉಳಿದದ್ದು ಶಾಖ. ಪ್ರೊಸೆಸರು ಲೆಕ್ಕ ಮಾಡಿದಷ್ಟೂ ಕಾಯುತ್ತದೆ. ಕಾವು ಮಿತಿ ಮುಟ್ಟಿದರೆ ಸುಟ್ಟುಹೋಗದಂತೆ ತಾನೇ ತನ್ನ ವೇಗವನ್ನು ಇಳಿಸಿಕೊಳ್ಳುತ್ತದೆ. ಅಷ್ಟು ವಿವೇಕವನ್ನು ಮಾಡಿದವರು ಅದಕ್ಕೆ ಕೊಟ್ಟಿದ್ದಾರೆ. ಆ ಕಾವನ್ನು ಹೀರಿ ಹೊರಗೆ ಹಾಕುವುದು ಅದರ ಮೇಲೆ ಕೂತ ಲೋಹದ ಕೂಲರಿನ ಕೆಲಸ. ಎರಡರ ನಡುವೆ ಗಾಳಿ ಉಳಿಯದಂತೆ ಒಂದು ಲೇಪ ಹಚ್ಚಿರುತ್ತಾರೆ. ಆಟ ಆಡುತ್ತ ಕಾವಿನ ಅಂಕಿಯನ್ನು ನೋಡಿದೆವು. ೭೦, ೮೨, ೯೧, ೯೫. ೯೫ಕ್ಕೆ ಮುಟ್ಟಿ ಅಂಕಿ ನಿಂತಿತು. ಅಲ್ಲಿಂದ ಪ್ರೊಸೆಸರಿನ ವೇಗ ೪.೪ ಗಿಗಾಹರ್ಟ್ಸ್‌ನಿಂದ ಮೆಟ್ಟಿಲಿಳಿದಂತೆ ಇಳಿಯಿತು. ಕಾರು ಮುಗ್ಗರಿಸಿತು. ಫ್ಯಾನು ಮಾತ್ರ ತನ್ನ ಕರ್ತವ್ಯದಲ್ಲಿ ಲೋಪವಿಲ್ಲವೆಂಬಂತೆ ಭೋರೆಂದು ತಿರುಗುತ್ತಲೇ ಇತ್ತು.

ಯಂತ್ರವನ್ನು ಆರಲು ಬಿಟ್ಟು, ನಾಲ್ಕು ತಿರುಪು ಬಿಚ್ಚಿ ಕೂಲರನ್ನು ಎತ್ತಿದ. ಅದರ ತಳದಲ್ಲಿ ಏನೋ ಮಿನುಗಿತು. ಟಾರ್ಚು ಹತ್ತಿರ ಹಿಡಿದೆ. ತೆಳ್ಳನೆಯ ಪ್ಲಾಸ್ಟಿಕ್ಕಿನ ಪೊರೆ, ಹೊಸ ಪಾತ್ರೆಯ ಮೇಲೆ ಅಂಟಿಸಿರುತ್ತಾರಲ್ಲ ಅಂಥದು. ಅದರ ಮೇಲೆ, ಜೋಡಿಸುವ ಮುನ್ನ ಇದನ್ನು ಕಿತ್ತುಹಾಕಿರಿ ಎಂಬ ಅರ್ಥದ ಇಂಗ್ಲಿಷ್ ಅಕ್ಷರಗಳು. ಮೂರನೆಯ ರಾತ್ರಿ ಎರಡು ಗಂಟೆಗೆ, ನಿದ್ದೆಗಣ್ಣಿನಲ್ಲಿ ಜೋಡಿಸಿದ ಭಾಗ ಅದು. ಲೋಹದಿಂದ ಲೋಹಕ್ಕೆ ಹರಿಯಬೇಕಾದ ಕಾವಿಗೆ ಈ ಪೊರೆ ಕಂಬಳಿ ಹೊದಿಸಿತ್ತು.

ಹುಡುಗ ಅದನ್ನು ಸಿಪ್ಪೆಯಂತೆ ಸುಲಿದು ತೆಗೆದ. ಹಳೆಯ ಲೇಪವನ್ನು ಒರೆಸಿ, ಕೊಳವೆಯಲ್ಲಿ ಮಿಕ್ಕಿದ್ದನ್ನು ಬಟಾಣಿಕಾಳಿನಷ್ಟು ಇಟ್ಟು, ಕೂಲರನ್ನು ಮತ್ತೆ ಕೂರಿಸಿದ. ಕಾವು ೭೧ರಲ್ಲಿ ನಿಂತಿತು. ಮೊದಲ ಓಟ ೧೦೪, ಕಾಲು ಗಂಟೆಯ ಮೇಲಿನ ಓಟ ೧೦೩. ಖರ್ಚು ಸೊನ್ನೆ. ನೋಟ್‌ಬುಕ್ಕಿನಲ್ಲಿ ಇದನ್ನು ಬರೆದು, ಕೆಳಗೆ ಎರಡು ಗೆರೆ ಎಳೆದು, ಆ ಪ್ಲಾಸ್ಟಿಕ್ ಪೊರೆಯನ್ನೂ ಅದೇ ಪುಟಕ್ಕೆ ಅಂಟಿಸಿದ.

ಯಂತ್ರಗಳ ವಿಷಯ ಹೀಗಾದರೆ ಮನುಷ್ಯರದು? ನಮ್ಮ ಕಾಲೇಜಿನಲ್ಲಿ ಒಬ್ಬ ಹುಡುಗಿ ಮೊದಲನೆಯ ಪಿರಿಯಡ್ಡಿನಲ್ಲಿ ಚುರುಕಾಗಿ ಉತ್ತರ ಹೇಳುವಳು. ಹನ್ನೆರಡರ ಹೊತ್ತಿಗೆ ಹೆಸರು ಕರೆದರೂ ತಡವರಿಸುವಳು. ಅಧ್ಯಾಪಕರ ಕೋಣೆಯಲ್ಲಿ ಅವಳಿಗೆ ಔಷಧಗಳು ಬೇಕಾದಷ್ಟು ಸೂಚಿತವಾದವು. ಟ್ಯೂಷನ್ ಹಾಕಿಸಲಿ ಎಂದರು ಒಬ್ಬರು. ಈ ವಿಷಯ ಬಿಟ್ಟು ಬೇರೆ ತೆಗೆದುಕೊಳ್ಳಲಿ ಎಂದರು ಇನ್ನೊಬ್ಬರು. ತಲೆಯೇ ಅಷ್ಟು ಎಂದು ಮೂರನೆಯವರು ಕೈಚೆಲ್ಲಿದರು. ಅರ್ಥಶಾಸ್ತ್ರದ ಮೇಡಂ ಒಬ್ಬರು ಮಾತ್ರ ಅವಳನ್ನು ಕರೆದು, "ಬೆಳಿಗ್ಗೆ ಏನು ತಿಂದು ಬರ್ತೀಯಮ್ಮ?" ಎಂದು ಕೇಳಿದರು. ಅವಳ ಊರಿನ ಬಸ್ಸು ಹೊರಡುವುದು ಬೆಳಿಗ್ಗೆ ಆರಕ್ಕೆ. ಅಷ್ಟು ಹೊತ್ತಿಗೆ ಒಲೆ ಹತ್ತಿರುವುದಿಲ್ಲ. ಅಂದಿನಿಂದ ಮೇಡಮ್ಮಿನ ಡಬ್ಬಿಯಲ್ಲಿ ಎರಡು ಚಪಾತಿ ಹೆಚ್ಚಾಗಿ ಬರತೊಡಗಿದವು. ತಲೆಗೆ ಏನೂ ಆಗಿರಲಿಲ್ಲ. ಅದು ಕಾಯುತ್ತಿತ್ತು, ಅಷ್ಟೆ.

ಎಲ್ಲ ಕಷ್ಟವೂ ಒಂದು ಪೊರೆ ಸುಲಿದರೆ ಹೋಗುವುದಲ್ಲ. ಕೆಲವು ಸಲ ಕಾರ್ಡು ನಿಜವಾಗಿಯೂ ಸಾಲದೆ ಬರುತ್ತದೆ; ಆಗ ಕೊಳ್ಳಲೇಬೇಕು. ಆದರೆ ಯಾವುದನ್ನೇ ಆಗಲಿ, ಯಾರನ್ನೇ ಆಗಲಿ, 'ಸಾಲದು' ಎಂದು ಬರೆದುಹಾಕುವ ಮೊದಲು ಅದು ದುಡಿದು ಸೋತಿದೆಯೋ, ದುಡಿಯಲು ಕಾದು ನಿಂತಿದೆಯೋ ಎಂಬುದನ್ನು ನೋಡುವುದು ನ್ಯಾಯ. ಹೊರಗಿನಿಂದ ಎರಡೂ ಒಂದೇ ತೆರನಾಗಿ ಕಾಣುತ್ತವೆ.

ಚೀಟಿ ಎತ್ತಬೇಡವೆಂದು ಹೇಳಲು ಶನಿವಾರ ಬೆಳಿಗ್ಗೆ ಹುಡುಗ ತಾಯಿಗೆ ಫೋನು ಮಾಡಿದ. ಅಕ್ಕ ಹಿತ್ತಲಲ್ಲಿದ್ದಳೆಂದು ಕಾಣುತ್ತದೆ, ಭಾವನವರು ಎತ್ತಿಕೊಂಡರು. ಹುಡುಗ ತಬ್ಬಿಬ್ಬಾದ. ಬೇರೇನೂ ತೋಚದೆ ನಡೆದದ್ದನ್ನೆಲ್ಲ ಹೇಳಿದ, ಚೀಟಿಯ ವಿಷಯ ಒಂದನ್ನು ಬಿಟ್ಟು. ಆ ಕಡೆಯಿಂದ ಬಹಳ ಹೊತ್ತು ಮಾತಿಲ್ಲ. ಆಮೇಲೆ ಭಾವನವರ ದನಿ, ಪಕ್ಕದಲ್ಲಿದ್ದ ನನಗೂ ಕೇಳುವಷ್ಟು ಗಟ್ಟಿಯಾಗಿ: "ಬಿಸಿಯಾಗಿ ಕಟ್ಟುತ್ತಿತ್ತು ಅನ್ನು. ನಮ್ಮ ಬೋರಿನ ಮೋಟರೂ ಈಗ ಹಂಗೇ ಮಾಡ್ತಾ ಐತೆ ಕಣೋ. ನೀರು ಸಣ್ಣಗಾಗಿಬಿಡುತ್ತೆ. ಹೊಸ ಮೋಟರೇ ಇಳಿಸಬೇಕು ಅಂತಾರೆ ಎಲ್ಲರೂ."

ಹುಡುಗ ನೋಟ್‌ಬುಕ್ಕನ್ನು ಹತ್ತಿರಕ್ಕೆ ಎಳೆದುಕೊಂಡು ಹೊಸ ಪುಟ ತೆಗೆದ.

"ಮೊದಲಿನಿಂದಲೇ ಸಣ್ಣಗೆ ಬರುತ್ತಾ ಅಪ್ಪ, ಇಲ್ಲಾ ಆಮೇಲೆ ಸಣ್ಣಗಾಗುತ್ತಾ?"